ದೋಣಿಗೆ ಮೂತಿ ಐತೆ

ದೋಣಿಗೆ ಹದಿನೆಂಟು ಸಾವಿರ. ವೆಲ್ಡಿಂಗ್ ಅಂಗಡಿಯ ಹಬೀಬ್ ಹಳೇ ಕಾರಿನ ಅಚ್ಚು ಹಾಕಿ ಮಾಡಿಕೊಟ್ಟ ಟ್ರೈಲರಿಗೆ ಎಂಟು ಸಾವಿರ. ಕಟ್ಟುವ ಹಗ್ಗಕ್ಕೆ ಇನ್ನೂರು. ಮೊದಲೆರಡನ್ನು ಮರುಮಾತಿಲ್ಲದೆ ಕೊಟ್ಟ ಚಿಕ್ಕಹನುಮಯ್ಯ, ಹಗ್ಗದ ಇನ್ನೂರಕ್ಕೆ ಅಂಗಡಿಯವನ ಜೊತೆ ಜಗಳಾಡಿ ಬರಿಗೈಲಿ ಮನೆಗೆ ಬಂದ. "ಹಸ ಕಟ್ಟೋ ಹಗ್ಗ ಇಲ್ವಾ ಮನೇಲಿ?" ಅಂದ.

ಅವನ ಹೆಂಡತಿ ಅಂಕಮ್ಮನಿಗೆ ಅವತ್ತಿನಿಂದಲೇ ಸಮಾಧಾನವಿಲ್ಲ. ದೋಣಿಯ ಅರ್ಧ ದುಡ್ಡು ಅವಳ ಸ್ತ್ರೀಶಕ್ತಿ ಸಂಘದ್ದು.

ಅವರದು ಚನ್ನಪಟ್ಟಣದ ಬಳಿ ಕಣ್ವ ಕೆರೆ ದಂಡೆಯ ಊರು. ಅಪ್ಪನ ಕಾಲದಿಂದ ಹರಿಗೋಲಿನಲ್ಲಿ ಮೀನು ಹಿಡಿದ ಮನೆ. ಹರಿಗೋಲು ದುಂಡಗೆ, ಅದಕ್ಕೆ ಮೂತಿಯೂ ಇಲ್ಲ, ಬಾಲವೂ ಇಲ್ಲ. ಗಾಡಿಗೆ ಹೇಗೆ ಎತ್ತಿ ಹಾಕಿದರೂ ತೆಪ್ಪಗೆ ಕೂರುತ್ತಿತ್ತು. ಈಗ ಬಂದಿರುವುದು ಉದ್ದನೆಯ ಫೈಬರ್ ದೋಣಿ. ಚಿಕ್ಕಹನುಮಯ್ಯನ ಕೈಗೆ ಮಾತ್ರ ಇನ್ನೂ ಹರಿಗೋಲಿನದೇ ಅಭ್ಯಾಸ.

ಒಂದು ಬೆಳಿಗ್ಗೆ ದೋಣಿಯನ್ನು ಕಣ್ವದಿಂದ ಹೆದ್ದಾರಿಯಾಚೆಯ ಇಗ್ಗಲೂರು ಅಣೆಕಟ್ಟೆಗೆ, ಮೀನು ಹಿಡಿಯಲು ಸಾಗಿಸಬೇಕಿತ್ತು. ಗಾಳಿ ಬೀಸುತ್ತಿತ್ತು. ಹೆದ್ದಾರಿ ಅಗಲ ಮಾಡುತ್ತಿದ್ದ ವರ್ಷ ಅದು. ಬಿಡದಿ ಕಾರ್ಖಾನೆಗಳ ಬಸ್ಸು ಶುರುವಾಗುವ ಮುಂಚೆ ಹೆದ್ದಾರಿ ದಾಟದಿದ್ದರೆ, ಆಮೇಲೆ ದಾಟಿದ ಹಾಗೆಯೇ! ಎಲ್ಲರಿಗೂ ಅವಸರ.

ಹಬೀಬ್ ತನ್ನ ಜೀಪಿಗೆ ಟ್ರೈಲರ್ ಸಿಕ್ಕಿಸಿ, ಹಿಂದಕ್ಕೆ ನೀರಿಗೆ ಬಿಟ್ಟ.

"ಇನ್ನೂ ಬುಡ್ಲಾ ಹಬೀಬ, ಪೂರ್ತಿ ಮುಳುಗ್ಲಿ," ಎಂದು ಚಿಕ್ಕಹನುಮಯ್ಯ ಕೂಗಿದ.

"ಪೂರ್ತಿ ಮುಳುಗಿದ್ರೆ ದೋಣಿ ತೇಲ್ಕಂಡು ತಿರುಗೋಯ್ತದೆ ಕಣಣ್ಣ. ಟ್ರೈಲರ್ ಹಿಂದಿನ ತುದಿ ನೆನೆದ್ರೆ ಸಾಕು. ಮೂತಿ ನಡುಮಧ್ಯಕ್ಕೆ ಹಿಡಿ. ಬಾಲಕ್ಕೊಂದು ಹಗ್ಗ ಕಟ್ಟಿ, ಒಬ್ರು ಗಾಳಿ ಬರೋ ಕಡೆ ನಿಂತು ಹಿಡ್ಕಳ್ಳಿ."

"ಮೂತಿ, ಬಾಲ! ಇದೇನ್ಲಾ ಹೋರಿನಾ? ಎಳೀಲಾ ಮುನಿ!"

ತಮ್ಮ ಮುನಿಕೃಷ್ಣ ಎಳೆದ. ಗಾಳಿ ಬಾಲವನ್ನು ತಳ್ಳಿತು. ದೋಣಿಯ ಮೂತಿ ಟ್ರೈಲರಿನ ಒಂದು ಮೂಲೆಗೆ ಬಂತು, ಬಾಲ ಇನ್ನೊಂದು ಮೂಲೆಯ ಚಕ್ರದಾಚೆಗೆ ನೇತಾಡಿತು.

"ಸೊಟ್ಟಗೆ ಕೂತದೆ," ಎಂದಳು ಅಂಕಮ್ಮ. "ಒಸಿ ಇಳ್ಸಿ, ಮತ್ತೆ ಎಳೀರಿ."

"ಇದೇನ್ ಮದ್ವೆ ಹೆಣ್ಣಾ, ನೆಟ್ಟಗೆ ಕೂರ್ಸೋಕೆ? ಹೊತ್ತಾಯ್ತದೆ. ಮುನಿ ಒಳಗೆ ಕೂತು ಅದುಮ್ಕತ್ತಾನೆ ಬುಡು."

ಹಸ ಕಟ್ಟುವ ಹಗ್ಗವನ್ನು ಅಡ್ಡಡ್ಡ ಒಂದು ಸುತ್ತು ಹಾಕಿದ್ದಾಯಿತು. ಮುನಿಕೃಷ್ಣ ಆಗಲೇ ದೋಣಿ ಹತ್ತಿ, ಕೂರುವ ಹಲಗೆಯ ಮೇಲೆ ಬೀಡಿ ಹಚ್ಚುತ್ತಿದ್ದ. ಅಂಕಮ್ಮ ಹೋಗಿ ಅವನ ಅಂಗಿ ಹಿಡಿದಳು.

"ಇಳಿ ಕೆಳಕ್ಕೆ."

"ಏನೂ ಆಗಲ್ಲ ಕಣತ್ಗೆ."

"ದೋಣಿ ಹೋದ್ರೆ ಸಂಘಕ್ಕೆ ದುಡಿದು ಕಟ್ತೀನಿ. ನೀನು ಹೋದ್ರೆ ನಿನ್ನ ಎಂಡ್ರಿಗೆ ಏನ್ ಕಟ್ಲಿ? ಇಳೀಲಾ ಅಂದ್ರೆ!"

ಅವನು ಗೊಣಗುತ್ತ ಇಳಿದು ಟಿವಿಎಸ್ ತೆಗೆದ. ಅಂಕಮ್ಮ ಹಿಂದೆ ಕೂತಳು. ದೋಣಿಯ ಬಾಲ ಕುಲುಕುವುದನ್ನೇ ನೋಡುತ್ತ, ಮೈದುನನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಊರಾಚೆಯ ತಿರುವಿನಲ್ಲಿ ಯಾರೋ ಒಕ್ಕಣೆಗೆಂದು ಹುರುಳಿ ಗಿಡ ಹರಡಿದ್ದರು. ನಮ್ಮ ಕಡೆ ರಸ್ತೆಯೇ ಕಣ ತಾನೆ. ಎದುರಿಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಬಂತು. ಹಬೀಬ್ ಎಡಕ್ಕೆ ಸರಿದ. ಟ್ರೈಲರಿನ ಎಡಚಕ್ರ ಹುರುಳಿಯ ಮೇಲೆ ಜಾರಿತು. ದೋಣಿಯ ಭಾರವೆಲ್ಲ ಇದ್ದದ್ದೂ ಆ ಕಡೆಗೇ. ಬಲೆಗೆ ಬಿದ್ದ ಮೀನಿನಂತೆ ಟ್ರೈಲರ್ ಬಾಲ ಹೊಡೆಯಿತು. ಹಗ್ಗ ಪಟ್ಟನೆ ಕಿತ್ತು, ದೋಣಿ ಉರುಳಿ ಮೋರಿಯ ಕಲ್ಲಿಗೆ ಬಡಿಯಿತು.

ಜೀಪಿನಿಂದ ಇಳಿದ ಚಿಕ್ಕಹನುಮಯ್ಯ ದೋಣಿಯ ಹತ್ತಿರ ಹೋದ. ಪಕ್ಕ ಸೀಳಿತ್ತು. ಕೂರುವ ಹಲಗೆ ಎರಡು ತುಂಡಾಗಿತ್ತು. ಅದನ್ನು ಮುಟ್ಟಿ ನೋಡಿದ. ಆಮೇಲೆ ತಿರುಗಿ ತಮ್ಮನನ್ನು ನೋಡಿದ.

"ಇಲ್ಲೇ ಕೂತಿದ್ನಲ್ಲಾ ಇವ್ನು," ಎಂದ.

"ನಂದೂ ತಪ್ಪು," ಎಂದ ಹಬೀಬ್. "ಬಾಯಲ್ಲಿ ಬುದ್ಧಿ ಹೇಳ್ದೆ. ಗಾಡಿ ಮಾತ್ರ ತೆಗೆದ್ಬುಟ್ಟೆ."

ದೋಣಿಗೆ ತೇಪೆ ಹಾಕಿಸಿದರು. ಮತ್ತೆ ಟ್ರೈಲರಿಗೆ ಏರಿಸುವ ದಿನ ಚಿಕ್ಕಹನುಮಯ್ಯ ತಾನೇ ಸೊಂಟಮಟ್ಟ ನೀರಿಗೆ ಇಳಿದು, ಬಾಲದ ಹಗ್ಗ ಹಿಡಿದು, ಹಬೀಬನಿಗಿಂತ ಜೋರಾಗಿ ಕೂಗುತ್ತಿದ್ದ.

"ಮೂತಿ ಮಧ್ಯಕ್ಕೆ ಹಿಡೀಲಾ! ದೋಣಿ ತಳದ ಏಣು ಟ್ರೈಲರ್ ನಡುವಿನ ರೋಲರ್ ಮ್ಯಾಲೇ ಬರ್ಬೇಕು! ಅಂಕಮ್ಮ, ನೀನು ಹಿಂದ್ಗಡೆ ನಿಂತ್ಕಂಡು ನೋಡು, ನೆಟ್ಟಗೈತಾ?"

ಅಂಕಮ್ಮ ಒಂದು ಕಣ್ಣು ಮುಚ್ಚಿ ನೋಡಿದಳು. "ಒಂದ್ ಗೇಣು ಎಡಕ್ಕೈತೆ."

"ಇಳ್ಸಿ! ಇನ್ನೊಂದ್ ಸಲ!"

"ಯಾಕಣ್ಣ, ಇದೇನ್ ಮದ್ವೆ ಹೆಣ್ಣಾ?" ಎಂದ ಮುನಿಕೃಷ್ಣ.

"ಮುಚ್ಕಂಡು ಎಳೀಲಾ."

ಈ ಸಲ ದೋಣಿ ಎಳೆದ ದಾರದಂತೆ ನೆಟ್ಟಗೆ ಬಂದು ಕೂತಿತು. ಮೂತಿಗೊಂದು, ಬಾಲಕ್ಕೊಂದು ಹೊಸ ನೈಲಾನ್ ಹಗ್ಗ ಬಿಗಿದರು. ಅಂಕಮ್ಮ ಬಾಲದ ತುದಿಗೆ ಹಳೇ ಕೆಂಪು ರವಿಕೆಯ ತುಂಡು ಕಟ್ಟಿದಳು, ಹಿಂದೆ ಬರುವವರಿಗೆ ಕಾಣಲೆಂದು. ಒಳಗೆ ಯಾರೂ ಕೂರಲಿಲ್ಲ.

ಕೆರೆ ನಂಬಿ ಬದುಕುವ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮ ದೋಣಿ ಸೊಟ್ಟಗೆ ಏರಿದರೆ "ಹೋಗ್ಲಿ ಬುಡು" ಅನ್ನಬೇಡಿ. ಇಳಿಸಿ, ಮತ್ತೆ ಎಳೆಯಿರಿ. ಹೊರಡುವ ಮುಂಚೆ ಹಿಂದೆ ನಿಂತು ಒಮ್ಮೆ ನೋಡಿ. ಹಗ್ಗಕ್ಕೆ ಜಿಪುಣತನ ಬೇಡ. ದೋಣಿ ಅದುಮಿ ಹಿಡಿಯಲು ಮನುಷ್ಯನನ್ನಂತೂ ಕೂರಿಸಲೇಬೇಡಿ. ಬಸ್ಸು ಲಾರಿಗಳು ದಿನೇ ದಿನೇ ಹೆಚ್ಚುತ್ತಿವೆ. ರಸ್ತೆ ನಮ್ಮದೊಬ್ಬರದೇ ಅಲ್ಲ.

ಅಂಕಮ್ಮನ ಮನೆಯವರು ಕಳೆದುಕೊಂಡದ್ದು ತೇಪೆಗೆ ಹೋದ ಮೂರು ಸಾವಿರ, ದೋಣಿ ರಿಪೇರಿಯಲ್ಲಿದ್ದಾಗ ಕೈತಪ್ಪಿದ ಮೀನು. ಉಳಿಸಿಕೊಂಡದ್ದು ಮುನಿಕೃಷ್ಣನನ್ನು.