ಖಾಲಿ ಮಾಡಿದ ಜಾಗ

"ಮತ್ತೆ ಹೋಯ್ತು," ಅಂದಳು ಸೊಸೆ. ಯಾರಿಗೂ ಹೇಳಿದ್ದಲ್ಲ, ಪರದೆಗೇ ಹೇಳಿದ್ದು.

ಹಾಲ್‌ನ ಮೂಲೆಯಲ್ಲಿದ್ದ ಕಂಪ್ಯೂಟರಿನಲ್ಲಿ ಈಗಷ್ಟೇ ಒಬ್ಬ ಹೆಂಗಸಿನ ಮುಖವಿತ್ತು. ಸರಿಮಾಡಲು ಸ್ಟುಡಿಯೊದವನು ಕೊಟ್ಟ ಹಳೆಯ ಫೋಟೊ, ಮಡಿಕೆ ಬಿದ್ದು ಕೆನ್ನೆಯಿಂದ ಹಣೆಯವರೆಗೆ ಬಿರಿದಿತ್ತು. ಬೆಳಗ್ಗೆಯಿಂದ ಸೊಸೆ ಆ ಬಿರುಕನ್ನು ಚುಕ್ಕಿ ಚುಕ್ಕಿಯಾಗಿ ಮುಚ್ಚುತ್ತ ಕಣ್ಣಿನ ಹತ್ತಿರ ಬರುವಷ್ಟರಲ್ಲಿ ಪರದೆ ಬಿಳಿಚಿಕೊಂಡು, ಪ್ರೋಗ್ರಾಮ್ ತಾನಾಗಿಯೇ ಮುಚ್ಚಿಹೋಯಿತು. ಈ ವಾರ ಇದು ಎಷ್ಟನೆಯ ಸಲವೋ. ಕಿಟಕಿಯ ಬಳಿ ಪೇಪರ್ ಹಿಡಿದು ಕೂತಿದ್ದ ಮಾವ ಓದಿದ ಸುದ್ದಿಯನ್ನೇ ಮತ್ತೆ ಮೊದಲಿಂದ ಓದತೊಡಗಿದರು.

ಮಗ ಶರ್ಟಿನ ಗುಂಡಿ ಹಾಕಿಕೊಳ್ಳುತ್ತ ಒಳಗಿನಿಂದ ಬಂದ. "ಏನು ಒತ್ತಿದೆ?"

"ಏನೂ ಒತ್ತಿಲ್ಲ ರೀ."

"ಏನೂ ಒತ್ತದೇ ಅದ್ಯಾಕೆ ಹೋಗತ್ತೆ? ಹೋದ ತಿಂಗಳು ಸರಿಯಾಗೇ ಇತ್ತಲ್ಲ. ನಿಂಗೆ ಅವಸರ ಜಾಸ್ತಿ. ಆಗದಿದ್ರೆ ಆ ಕೆಲಸ ಬಿಟ್ಬಿಡು, ಯಾರು ಹೊಡೀತಾರೆ?"

ಅವನು ಕೆಟ್ಟವನಲ್ಲ, ಬೆಳಗ್ಗೆ ಬಸ್ಸು ತಪ್ಪುವ ಹೊತ್ತಿನಲ್ಲಿ ಮಾತ್ರ ಹಾಗೆ ಆಡುತ್ತಾನೆ. ಸೊಸೆ ಮತ್ತೆ ಆ ಫೋಟೊ ತೆರೆದಳು. ಕೆನ್ನೆಯ ಬಿರುಕು ಮೊದಲಿನಷ್ಟೇ ಉದ್ದ ಇತ್ತು.

ಮಾವ ಯಂತ್ರದ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್ ಆಗಿದ್ದು ನಿವೃತ್ತರಾದವರು. ಉಗ್ರಾಣದಲ್ಲಿ ಬಹಳ ಕಾಲ ಯಾರೂ ಕೇಳದೆ ಕೂತ ವಸ್ತುವಿಗೆ ಕೆಂಪು ಚೀಟಿ ಕಟ್ಟಿ ಗುಜರಿಗೆ ಕಳಿಸುವುದು ಅವರ ಪದ್ಧತಿ. ಕೆಲಸಗಾರರು ಬೆನ್ನ ಹಿಂದೆ 'ಪೊರಕೆ ಸಾಹೇಬ್ರು' ಅನ್ನುತ್ತಿದ್ದರು. ಅದು ಕಿವಿಗೆ ಬಿದ್ದಾಗ ಅವರು ಬೇಸರಪಡಲಿಲ್ಲ, ಒಳಗೊಳಗೇ ಹಿಗ್ಗಿದರು. ನಿವೃತ್ತಿಯಾದ ಮೇಲೆ ಗುಡಿಸುವುದಕ್ಕೆ ಮನೆಯೊಂದೇ ಉಳಿಯಿತು. ಮುಚ್ಚಳವಿಲ್ಲದ ಡಬ್ಬಿ, ಒಂಟಿ ಚಪ್ಪಲಿ, ಉರಿಯದ ಟಾರ್ಚು ಎಲ್ಲ ಮುಗಿದು ಕಣ್ಣು ಕಂಪ್ಯೂಟರಿನ ಮೇಲೆ ಬಿತ್ತು.

ಸೊಸೆ ಸ್ಟುಡಿಯೊಗೆ ಹೋಗಿದ್ದ ಒಂದು ಮಧ್ಯಾಹ್ನ ನೋಡುತ್ತಾರೆ, ಡಿಸ್ಕ್ ತುಂಬಿ, ಜಾಗ ತೋರಿಸುವ ಪಟ್ಟಿ ಕೆಂಪಾಗಿದೆ. ಕೆಂಪು ಕಂಡರೆ ಸುಮ್ಮನಿರುವ ಜೀವವಲ್ಲ ಅದು. ಹುಡುಕಿದಾಗ ಎಲ್ಲಕ್ಕಿಂತ ದೊಡ್ಡ ಫೈಲೊಂದು ಸಿಕ್ಕಿತು. ಮನೆಯಲ್ಲಿ ಯಾರೂ ಮಾಡಿದ್ದಲ್ಲ, ಯಾರೂ ಎಂದೂ ತೆರೆದದ್ದಲ್ಲ, ಮರೆಯಲ್ಲಿ ಕೂತು ಜಾಗ ನುಂಗುತ್ತಿತ್ತು. ಅಳಿಸಹೋದರೆ 'ಬಳಕೆಯಲ್ಲಿದೆ' ಅಂದಿತು. ಬಳಕೆಯಲ್ಲಿದೆ ಎಂದು ಕಾರ್ಖಾನೆಯಲ್ಲೂ ಎಲ್ಲರೂ ಹೇಳುತ್ತಿದ್ದರು, ಅವರು ನಂಬಿದವರಲ್ಲ. ಇಂಟರ್ನೆಟ್ಟಿನಲ್ಲಿ ದಾರಿ ಹುಡುಕಿ, ಸೆಟ್ಟಿಂಗಿನ ಆಳದಲ್ಲಿ 'ವರ್ಚುವಲ್ ಮೆಮೊರಿ' ಎಂದಿದ್ದ ಕಡೆ ಬೇಡ ಎಂದು ಗುರುತು ಹಾಕಿದರು. ಏನೋ ಎಚ್ಚರಿಕೆ ಬಂತು, ಓಕೆ ಒತ್ತಿದರು. ಕಂಪ್ಯೂಟರ್ ಆರಿಸಿ ಹಚ್ಚಿದಾಗ ಫೈಲು ಮಾಯ, ಪಟ್ಟಿ ನೀಲಿ. ಮಾಡಿದ ಉಪಕಾರವನ್ನು ಡಂಗುರ ಹೊಡೆಯುವುದು ಬೇಡವೆಂದು ಯಾರಿಗೂ ಹೇಳಲಿಲ್ಲ.

ಆಮೇಲೆ ಶುರುವಾಯಿತು. ಮೊದಲ ಸಲ ಅವರಿಗೂ ಏನೂ ಹೊಳೆಯಲಿಲ್ಲ. ಎರಡನೆಯ ಸಲ ಮುಚ್ಚಿಹೋಗುವ ಮುನ್ನ ಪರದೆಯ ಮೇಲೆ ಒಂದು ಸೂಚನೆ ಬಂತು. "ಮೆಮೊರಿ ಸಾಲ್ತಿಲ್ಲ ಅಂತೆ. ಏನು ಮಾವ ಹಾಗಂದ್ರೆ?" ಎಂದು ಸೊಸೆ ಕೇಳಿದಳು.

"ನಂಗೇನು ಗೊತ್ತಮ್ಮ, ನಾನದನ್ನ ಮುಟ್ಟೋದೇ ಇಲ್ಲ," ಅಂದುಬಿಟ್ಟರು. ಮುಟ್ಟಿದಿರಾ ಎಂದು ಅವಳು ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಆಗಲೇ ಹೇಳಿದ್ದರೆ ಒಂದು ನಗುವಿನಲ್ಲಿ ಮುಗಿಯುತ್ತಿತ್ತು. ಮರುದಿನ ಬೆಳಗ್ಗೆಯೇ ಮಗ ಹೆಂಡತಿಗೆ ಬೈದ. ಬೈಗುಳ ಅವಳ ಪಾಲಿಗೆ ಹೋದ ಮೇಲೆ ಅದನ್ನು ವಾಪಸ್ ಕೇಳಿ ಪಡೆಯುವ ಧೈರ್ಯ ಮುದುಕರಿಗೆ ಬರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಈ ಮನೆಯಲ್ಲಿ ಎಮ್ಮೆಗೆ ಬರೆ ಬೀಳುವಾಗ ಎತ್ತು ಕಿಟಕಿಯ ಬಳಿ ಕೂತು ಪೇಪರ್ ಓದುತ್ತಿತ್ತು.

ಮಗ ಆಫೀಸಿಗೆ ಹೋದ ಮೇಲೆ ಸೊಸೆ ಮತ್ತೆ ಕೂತಳು. ಕೆನ್ನೆಯ ಅರ್ಧಕ್ಕೆ ಬಂದಾಗ ಪರದೆ ಮತ್ತೆ ಬಿಳಿಚಿತು. ಈ ಸಲ ಅವಳು ಸ್ಟುಡಿಯೊದವನಿಗೆ ಫೋನ್ ಮಾಡಿದಳು.

"ಅಣ್ಣ, ಆ ಫೋಟೊ ಬೇರೆಯವರಿಗೆ ಕೊಟ್ಬಿಡಿ... ಇಲ್ಲ, ಕಂಪ್ಯೂಟರ್ ಚೆನ್ನಾಗೇ ಇದೆ. ನನ್ನ ಕೈಲೇ ಆಗ್ತಿಲ್ಲ. ಇನ್ಮೇಲೆ ಯಾವುದೂ ಕಳಿಸ್ಬೇಡಿ. ನಾನು ಕಲ್ತಿದ್ದು ಇಷ್ಟೇ ಅನ್ಸತ್ತೆ."

ಮಾವ ಪೇಪರಿನಿಂದ ತಲೆ ಎತ್ತಿದರು. ಈ ಕೆಲಸವನ್ನು ಅವಳು ಯಾರ ಬಳಿಯೂ ಹೋಗದೆ, ಮನೆಗೆಲಸ ಮುಗಿದ ಮಧ್ಯಾಹ್ನಗಳಲ್ಲಿ ತಾನೇ ಕಲಿತದ್ದನ್ನು ಇದೇ ಕಿಟಕಿಯ ಬಳಿ ಕೂತು ಕಂಡವರು ಅವರು. ಪೇಪರ್ ಮಡಿಸಿಟ್ಟು ಚಪ್ಪಲಿ ಮೆಟ್ಟಿ ಹೊರಟರು.

ಕಂಪ್ಯೂಟರ್ ರಿಪೇರಿ ಅಂಗಡಿಯ ಹೆಂಗಸು ಬಿಚ್ಚಿಟ್ಟ ಯಂತ್ರದೊಳಗೆ ತಲೆ ಹಾಕಿದ್ದಳು. "ನಮ್ಮ ಪಕ್ಕದ್ಮನೆಯವರ ಕಂಪ್ಯೂಟರು..." ಎಂದು ಮಾವ ಶುರು ಮಾಡಿದರು.

ಅವಳು ಎಲ್ಲ ಕೇಳಿ, ಎದುರಿನ ಮೇಜು ತಟ್ಟಿದಳು. "ಮೆಮೊರಿ ಅಂದ್ರೆ ಈ ಮೇಜು ಅಂದ್ಕೊಳಿ. ಕೆಲ್ಸ ನಡೆಯೋದು ಇಲ್ಲಿ. ಮೇಜು ಚಿಕ್ಕದು, ತುಂಬಿಹೋಗತ್ತೆ. ಆಗ ಸದ್ಯಕ್ಕೆ ಬೇಡದ್ದನ್ನ ಆ ಹಿಂದಿನ ಕಪಾಟಲ್ಲಿ ಇಡ್ತೀನಿ, ಬೇಕಾದಾಗ ಎದ್ದು ತರ್ತೀನಿ. ವರ್ಚುವಲ್ ಮೆಮೊರಿ ಅಂದ್ರೆ ಆ ಕಪಾಟು. ಡಿಸ್ಕಲ್ಲಿ ಅದಕ್ಕೇ ಅಂತ ಒಂದಷ್ಟು ಜಾಗ ಇಟ್ಕೊಂಡಿರತ್ತೆ. ತರೋಕೆ ಸ್ವಲ್ಪ ಹೊತ್ತಾಗತ್ತೆ, ಆದ್ರೆ ಕೆಲ್ಸ ನಿಲ್ಲಲ್ಲ. ನಿಮ್ಮ ಪಕ್ಕದ್ಮನೆಯವರು ಕಪಾಟನ್ನೇ ಕಿತ್ತು ಹಾಕಿದಾರೆ. ದೊಡ್ಡ ಫೋಟೊ ಬಿಚ್ಚಿದ್ರೆ ಮೇಜು ತುಂಬಿ ಎಲ್ಲಾ ನೆಲಕ್ಕೆ."

"ಹಾಗಾದ್ರೆ ಕೆಲ್ಸ ಮಾಡೋರ ತಪ್ಪು ಏನೂ ಇಲ್ಲ?"

"ಅವರೇನು ಮಾಡ್ತಾರೆ ಪಾಪ! ಇಡೋಕೆ ಜಾಗ ಇಲ್ಲ ಅಂದ್ರೆ?"

ಮಾವ ಅವಳ ಹಿಂದಿನ ಕಪಾಟನ್ನು ನೋಡಿದರು. ಕಾರ್ಖಾನೆಯಲ್ಲಿ ಅವರ ಉಗ್ರಾಣ ಇದ್ದದ್ದೂ ಇದಕ್ಕೇ. ಯಂತ್ರಗಳ ನಡುವೆ ಜಾಗವಿಲ್ಲದೆ ಬಂದ ಅಚ್ಚು, ಚಕ್ರಗಳನ್ನು ಒಳಗಿಟ್ಟುಕೊಂಡು, ಕರೆ ಬಂದ ಕೂಡಲೇ ಹೊರಗೆ ಕೊಡುವುದು. ಬದುಕೆಲ್ಲ ಅದನ್ನೇ ಮಾಡಿದವರಿಗೆ ಅದು ಎದುರಿಗೆ ಬಂದಾಗ ಗುರುತು ಸಿಗಲಿಲ್ಲ. ಯಾರೂ ಕೇಳದೆ ಕೂತದ್ದಷ್ಟೇ ಕಂಡಿತು.

ಹೊರಡುವಾಗ ಅವಳು ನಕ್ಕಳು. "ಯಜಮಾನ್ರೇ, ನನ್ನ ಅಂಗಡಿಗೆ ಬರೋರೆಲ್ಲ ಪಕ್ಕದ್ಮನೆಯವರ ತಪ್ಪೇ ತರ್ತಾರೆ."

ಮನೆಗೆ ಬಂದು, ಸೊಸೆ ಬಟ್ಟೆ ಒಣಗಿಸುತ್ತಿದ್ದಾಗ, ಸೆಟ್ಟಿಂಗಿನಲ್ಲಿ ಬೇಡ ಎಂದು ಹಾಕಿದ್ದ ಗುರುತನ್ನು ತೆಗೆದರು. ಒಳಗೆ ಬಂದವಳಿಗೆ "ಈಗ ನೋಡಮ್ಮ" ಅಂದರಷ್ಟೆ. ಅವಳು ಅಳುಕುತ್ತಲೇ ಫೋಟೊ ತೆರೆದು ಸಂಜೆಯವರೆಗೂ ಕೂತಳು. ನಡುವೆ ತುಸು ತಡವರಿಸಿತೇ ಹೊರತು ಒಮ್ಮೆಯೂ ಮುಚ್ಚಲಿಲ್ಲ. ಬಿರುಕು ಕಣ್ಣು ದಾಟಿ ಹಣೆಯವರೆಗೂ ಮಾಯವಾಯಿತು. ಆ ಕೆಲಸ ಈಗ ಅವಳದ್ದಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ಮಗ ಬಂದ ಕೂಡಲೇ ಹೇಳಿದಳು. "ಮಾವನೇ ಸರಿ ಮಾಡಿದ್ರು ರೀ! ನಂಗೆ ಒಂದೂ ಗೊತ್ತಾಗ್ಲಿಲ್ಲ."

"ಅಪ್ಪ ಇದ್ದಿದ್ದಕ್ಕೆ ಬಚಾವು," ಅಂದ ಮಗ, ಹೆಮ್ಮೆಯಿಂದಲೇ. "ಇನ್ಮೇಲೆ ನೀನು ಏನಾದ್ರೂ ಒತ್ತೋ ಮುಂಚೆ ಅಪ್ಪನ್ನ ಕೇಳು."

"ಆಯ್ತು," ಅಂದಳು ಸೊಸೆ. ಆ 'ಆಯ್ತು' ಕೇಳಿ ಮಾವನಿಗೆ ತಡೆಯಲಾಗಲಿಲ್ಲ.

"ಕೆಡಿಸಿದ್ದೂ ನಾನೇ ಕಣೋ," ಅಂದರು. "ಜಾಗ ಖಾಲಿ ಮಾಡೋಕೆ ಹೋಗಿ ನಾನೇ ಅದನ್ನ ತೆಗೆದು ಹಾಕಿದ್ದೆ. ಎರಡನೇ ಸಲ ಕೆಟ್ಟಾಗ್ಲೇ ನಂಗೆ ಅನುಮಾನ ಬಂದಿತ್ತು. ಹೇಳ್ಲಿಲ್ಲ."

ಸೊಸೆ ಅವರನ್ನೇ ನೋಡಿದಳು. "ಅಂದ್ರೆ ನನ್ನ ಕೈ ತಪ್ಪಲ್ವಾ ಮಾವ?"

"ಅಲ್ಲಮ್ಮ."

"ಒಂದ್ಸಲವೂ?"

"ಒಂದ್ಸಲವೂ ಅಲ್ಲ."

ಅವಳ ಕಣ್ಣು ತುಂಬಿತು. ದನಿ ಮಾತ್ರ ಗಟ್ಟಿಯಾಗಿತ್ತು. "ನಾನು ಆ ಅಣ್ಣನಿಗೆ ಫೋನ್ ಮಾಡ್ದಾಗ ನೀವು ಅಲ್ಲೇ ಕೂತಿದ್ರಿ."

"ಕೂತಿದ್ದೆ."

"ಹೋಗ್ಲಿ ಬಿಡೇ," ಅಂದ ಮಗ ನಡುವೆ ಬಾಯಿ ಹಾಕಿ. "ಅಪ್ಪನಿಗೆ ಗೊತ್ತಾಗ್ದೆ ಆಗಿದ್ದು."

"ನಂಗೂ ಗೊತ್ತಾಗ್ದೇ ಇದ್ದಿದ್ದು. ನಂಗೆ ಹೋಗ್ಲಿ ಬಿಡು ಅಂದ್ರಾ ನೀವು?"

ಮಗ ಒಳಗೆ ಹೋದ.

ಮರುದಿನ ಮಾವ ಸ್ಟುಡಿಯೊದವನ ಎದುರೂ ನಿಂತು, ಯಾವ ಪಕ್ಕದ ಮನೆಯವರನ್ನೂ ಕರೆತರದೆ, ಇದ್ದದ್ದನ್ನು ಹೇಳಿದರು. ಕೆನ್ನೆ ಬಿರಿದ ಹೆಂಗಸಿನ ಫೋಟೊ ಬೇರೆಯವರ ಕೈ ಸೇರಿತ್ತು. ಅವನು ಇನ್ನೊಂದು ಕೊಟ್ಟ. ಇಬ್ಬರು ಅಣ್ಣತಮ್ಮಂದಿರು, ನಡುವೆ ನೀರಿನ ಕಲೆ.

ಸೊಸೆ ಅದನ್ನು ತೆಗೆದುಕೊಂಡು ಕೆಲಸಕ್ಕೆ ಕೂತಳು. ಮಾವ ಪೇಪರ್ ಇಲ್ಲದೆ ಕಿಟಕಿಯ ಬಳಿ ಕೂತರು. ಸ್ವಲ್ಪ ಹೊತ್ತಿಗೆ ಪರದೆ ಒಂದು ಗಳಿಗೆ ನಿಂತಿತು. ಕಂಪ್ಯೂಟರು ತನ್ನ ಕಪಾಟಿನಿಂದ ಏನೋ ತರಲು ಎದ್ದು ಹೋಗಿರಬೇಕು. ಸೊಸೆ ಎರಡೂ ಕೈಗಳನ್ನು ಸರಕ್ಕನೆ ಹಿಂದೆಗೆದು ಮಡಿಲಲ್ಲಿ ಇಟ್ಟುಕೊಂಡಳು. ಅವಳ ಕಣ್ಣು ಪರದೆಯ ಮೇಲಿರಲಿಲ್ಲ, ಗಂಡ ಬರುವ ಬಾಗಿಲ ಮೇಲಿತ್ತು. ಚಿತ್ರ ಮತ್ತೆ ಮೂಡಿತು, ಅಣ್ಣತಮ್ಮಂದಿರು ಮೊದಲಿನಂತೆಯೇ ನಿಂತಿದ್ದರು. ಕೈಗಳು ಮಾತ್ರ ಬಹಳ ಹೊತ್ತು ಮಡಿಲಿನಿಂದ ಮೇಲೇಳಲಿಲ್ಲ.