ಕಿವುಡು ನಾನಲ್ಲ

ನಾನು ಒಂದು ಅಲ್ಟ್ರಾಸೌಂಡ್ ಯಂತ್ರದ ಪ್ರೋಬ್. ಅಂಗೈಯಲ್ಲಿ ಹಿಡಿಸುವ ಮೈ, ಹಿಂದೆ ಬಾಲದಂಥ ವಯರು. ಮನುಷ್ಯರ ಕಿವಿಗೆ ನಿಲುಕದ ದನಿಯಲ್ಲಿ ಕೂಗುವುದು, ಮೈಯೊಳಗಿಂದ ಅದು ಮರಳಿ ಬರುವುದನ್ನು ಕಾಯುವುದು. ನನ್ನನ್ನು ಮಾಡಿದವರು ಕಲಿಸಿದ್ದು ಇಷ್ಟೇ. ನನಗೆ ಅದೇ ಜಪ.

ಮೊದಲು ದೊಡ್ಡ ಊರಿನ ಆಸ್ಪತ್ರೆಯಲ್ಲಿದ್ದೆ. ಅಲ್ಲಿಗೆ ಹೊಸದು ಬಂದಾಗ ನನ್ನನ್ನು ಗದಗಿನ ಕಡೆಯ ಮಕ್ಕಳ ಆಸ್ಪತ್ರೆಗೆ ದಾಟಿಸಿದರು.

ಅಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ ಒಂದು ಹೆಣ್ಣುಕೂಸು. ಅದರ ಎಡತೊಡೆಯ ಸಂದಿನ ರಕ್ತನಾಳಕ್ಕೆ ಸಣ್ಣ ನಳಿಕೆ ಹಾಕಿ ತೆಗೆದಿದ್ದರು. ಮರುದಿನ ಆ ಕಾಲು ಬಿಳಿಚಿ ತಣ್ಣಗಾಯಿತು. ಅದೇ ಪಾದದ ಮೇಲೆ ಅಜ್ಜಿ ನೀಲವ್ವ ದೃಷ್ಟಿಗೆಂದು ಕಟ್ಟಿದ್ದ ಕರಿದಾರ. ನರ್ಸ್ ನೋಡಿದವಳೇ ಕತ್ತರಿಸಿದಳು.

"ಎಷ್ಟ್ ಬಿಗಿ ಕಟ್ಟೀಯಬೇ! ಕೂಸಿನ ಕಾಲು ಹೋಗೂದಿತ್ತು."

ನೀಲವ್ವ ಗೋಡೆಗೆ ಮುಖ ಮಾಡಿ ಕುಳಿತಳು. ದಾರ ಹೋಯಿತಲ್ಲ, ಇನ್ನು ಕಾಲು ಬೆಚ್ಚಗಾಗುತ್ತದೆ ಎಂದರು ದೊಡ್ಡ ಡಾಕ್ಟರು. ಆಗಲಿಲ್ಲ.

ಹೊಸದಾಗಿ ಸೇರಿದ್ದ ಡಾಕ್ಟರ್ ಉಮ್ರಾಣಿ ಮೇಡಂ ನನಗೆ ಜೆಲ್ ಹಚ್ಚಿದರು. ಬಲತೊಡೆಗೆ ಇಟ್ಟಾಗ ಯಂತ್ರ ಚುಪ್ ಚುಪ್ ಎಂದಿತು, ಪರದೆಯಲ್ಲಿ ಕೆಂಪು ಹರಿಯಿತು. ಎಡಕ್ಕೆ, ನಳಿಕೆ ಇದ್ದ ಜಾಗದಲ್ಲೇ, ಹರಿವು ನಿಂತಿತ್ತು. ಮತ್ತೆ ಮತ್ತೆ ಕೂಗಿದೆ. ಹೆಪ್ಪುಗಟ್ಟಿದ ರಕ್ತ, ಅದರಾಚೆ ಮೌನ.

"ಅದು ಹಳೇ ಪ್ರೋಬ್, ಕಿವುಡಾಗೇತಿ, ಬಿಡ್ರಿ," ಎಂದು ದೊಡ್ಡ ಡಾಕ್ಟರು ನಕ್ಕರು.

"ಕಿವುಡಾಗಿದ್ರ ಎರಡೂ ಕಡೆ ಕಿವುಡಾಗಬೇಕಿತ್ತಲ್ರೀ ಸರ್? ಬಲಗಡೆ ಎಷ್ಟ್ ಛಂದ ಕೇಳಾಕತ್ತೈತಿ! ದಾರ ಇದ್ದದ್ದು ಪಾದದಾಗ, ರಕ್ತ ನಿಂತದ್ದು ತೊಡಿಯಾಗ. ಈಗ ಔಷಧ ಹಾಕದಿದ್ರ ಕಾಲು ಉಳಿಯಂಗಿಲ್ಲ."

ನಗು ನಿಂತಿತು. ದೊಡ್ಡ ಡಾಕ್ಟರು ಪರದೆಗೆ ಬಾಗಿದರು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ ಶುರುವಾಯಿತು. ದಿನವೂ ನನ್ನನ್ನು ಅದೇ ಜಾಗಕ್ಕೆ ಇಟ್ಟು ನೋಡಿದರು. ಮೊದಲು ಏನಿಲ್ಲ. ಆಮೇಲೆ ನೂಲಿನೆಳೆಯಷ್ಟು ಕೆಂಪು. ಒಂದು ಬೆಳಗ್ಗೆ ಎಡದಿಂದಲೂ ಚುಪ್ ಚುಪ್! ಪುಟ್ಟ ಬೆರಳುಗಳಿಗೆ ಬಣ್ಣ ಬಂತು.

"ಅಜ್ಜಿ, ನಿನ್ನ ದಾರದ್ದೇನೂ ತಪ್ಪಿಲ್ಲಬೇ," ಎಂದರು ಮೇಡಂ.

"ನಾ ಸಡ್ಲನ ಕಟ್ಟಿದ್ನೆವ್ವಾ. ನನ್ನ ಮಾತು ಯಾರ್ ಕೇಳ್ತಾರ? ಇದೊಂದು ಕೇಳ್ತು ನೋಡು," ಎಂದು ನೀಲವ್ವ ನನ್ನತ್ತ ಕೈ ತೋರಿದಳು.

ಮನೆಗೆ ಹೊರಡುವಾಗ ನೀಲವ್ವ ಹೊಸ ಕರಿದಾರವೊಂದನ್ನು ನನ್ನ ವಯರಿಗೆ ಕಟ್ಟಿದಳು. ನರ್ಸ್ ಕತ್ತರಿ ಹಿಡಿಯಲಿಲ್ಲ.

ಈಗ ನನ್ನ ಮೂತಿ ಬಿರಿದಿದೆ. ಗುಜರಿಗೆ ಹೋಗುವ ಪೆಟ್ಟಿಗೆಯಲ್ಲಿ ಬಿದ್ದಿದ್ದೇನೆ, ದಾರದ ಸಮೇತ. ಒಡೆಯಲಿ, ಕರಗಿಸಲಿ. ಹಳೇದು ಎನ್ನಿ, ಒಪ್ಪುತ್ತೇನೆ. ಕಿವುಡು ಎಂದರೆ ಒಪ್ಪುವುದಿಲ್ಲ. ನಂಬಿಕೆ ಬರದಿದ್ದರೆ ನೀಲವ್ವನ ಓಣಿಗೆ ಹೋಗಿ. ಅಲ್ಲೊಬ್ಬ ಹುಡುಗಿ ಕುಂಟಾಬಿಲ್ಲೆ ಆಡುತ್ತಿರುತ್ತಾಳೆ. ಯಾವ ಕಾಲಿನ ಮೇಲೆ ಜಿಗಿಯುತ್ತಾಳೆ, ನೋಡಿ ಬನ್ನಿ.