ಬಿಟ್ಟ ಪೆಟ್ಟು

ಸುಷ್ಮಿತಾ ಸೋದರಮಾವ ಆಂಜನಪ್ಪನ ಕೈಯಿಂದ ತಮಟೆ ಕಿತ್ತುಕೊಂಡು ಬೆಂಕಿಗೆ ಎಸೆದಳು. ತಮಟೆ ಕಾಯಿಸಲೆಂದು ತೆಂಗಿನಗರಿ ಗುಡ್ಡೆ ಹಾಕಿ ಹೊತ್ತಿಸಿದ್ದ ಉರಿ ಅದು. ಚರ್ಮ ಮೊದಲು ಬಿಗಿಯಿತು, ಆಮೇಲೆ ಪಟ್ಟೆಂದು ಸೀಳಿತು. ಆಂಜನಪ್ಪ ಅವಳ ಕೆನ್ನೆಗೆ ಬಾರಿಸಿದ. ಅವಳು ಬೀಳಲಿಲ್ಲ. ತುದಿ ಹತ್ತಿಕೊಂಡಿದ್ದ ಒಂದು ಗರಿಯ ಮಟ್ಟೆಯನ್ನು ಎಳೆದು ಅವನತ್ತ ಬೀಸಿದಳು. ಮುದುಕನ ಪಂಚೆಯ ಅಂಚು ಹೊತ್ತಿಕೊಂಡಿತು. ಹೆಣ ಮೀಯಿಸಿ ಉಳಿದಿದ್ದ ನೀರನ್ನು ಯಾರೋ ಅವನ ಮೇಲೆ ಸುರಿದರು. ನಾಲ್ಕು ಜನ ಸೇರಿ ಅವಳನ್ನು ಹಿಂದಕ್ಕೆ ಎಳೆದರು.

ಅಂಗಳದ ಚಪ್ಪರದಡಿ ಅವಳ ತಾಯಿ ಚಿಕ್ಕಗಂಗಮ್ಮನ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಪಕ್ಕದಲ್ಲಿ ಗಂಡ ಕೆಂಚಯ್ಯ ಮೊಣಕಾಲು ತಬ್ಬಿ ಕುಳಿತಿದ್ದ. ಮಗಳಿಗೆ ಏಟು ಬಿದ್ದಾಗಲೂ ಅವನು ಎದ್ದಿರಲಿಲ್ಲ.

ಹಿರಿಯರು ಬುದ್ಧಿ ಹೇಳಿದರು. ತಮಟೆಯಿಲ್ಲದೆ ಹೆಣ ಎತ್ತುವುದುಂಟೇ, ಸುತ್ತ ಹತ್ತೂರಿನ ಸಾವಿಗೆ ತಮಟೆ ಬಡಿದ ಮನೆಯ ಹೆಣ್ಣಲ್ಲವೇ ಅವಳು, ಒಡಹುಟ್ಟಿದ ಅಣ್ಣ ಬಡಿಯದೆ ಇನ್ಯಾರು ಬಡಿಯಬೇಕು ಎಂದರು. ಸುಷ್ಮಿತಾ ಬಾಯಲ್ಲಿದ್ದ ರಕ್ತ ಉಗಿದಳು.

"ಅವ್ವನ ಕೈ ಮುರ್ದ ಕೈ ಅದು. ಅವಳ ಮುಂದೆ ತಮಟೆ ಬಡಿಯಂಗಿಲ್ಲ."

ಅದು ಊರಿಗೆಲ್ಲ ಗೊತ್ತಿದ್ದ ಸಂಗತಿ.

*

ಅಣ್ಣತಂಗಿಯರ ಅಪ್ಪ ತಮಟೆ ಕಲಿಸಿದ್ದು ಮಗ ಆಂಜನಪ್ಪನಿಗೆ. ಚಿಕ್ಕಗಂಗಮ್ಮ ಬಾಗಿಲ ಮರೆಯಲ್ಲಿ ನಿಂತು ನೋಡಿ, ಮೊರದ ಬೆನ್ನಿನ ಮೇಲೆ ಬಡಿದು ಕಲಿತಳು. ಪಕ್ಕದ ಬೀದಿಯ ಕೆಂಚಯ್ಯನಿಗೆ ಅವಳನ್ನು ಕೊಟ್ಟರು. ಆಮೇಲೆ ಹಂದನಕೆರೆ ಕಡೆಯ ತೋಟಗಳಲ್ಲಿ ಕೊಬ್ಬರಿ ಕೂಲಿಗೆ ಹೋದಳು. ಅಟ್ಟದ ಮೇಲೆ ವರ್ಷವಿಡೀ ಒಣಗಿದ ಕಾಯಿಗಳನ್ನು ಕೆಳಗಿಳಿಸುವಾಗ ಒಳಗಿನ ಕೊಬ್ಬರಿ ಚಿಪ್ಪಿಗೆ ಬಡಿದು ಲೊಟಗುಟ್ಟುತ್ತಿತ್ತು. ಒಂದು ಕಾಯಿಯ ಸದ್ದು ಇನ್ನೊಂದರ ಜೊತೆ ಕೂಡುತ್ತಿರಲಿಲ್ಲ. ಅವಳು ಕೆಲಸ ನಿಲ್ಲಿಸಿ ಕೇಳುತ್ತಿದ್ದಳು, ಅದಕ್ಕೆ ಬೈಸಿಕೊಳ್ಳುತ್ತಿದ್ದಳು.

ಅಣ್ಣನ ಪೆಟ್ಟು ನೆಟ್ಟಗಿತ್ತು. ತಮಟೆಗೆ ಕಡ್ಡಿ ಬಿದ್ದಲ್ಲಿ ನಡೆಯುವವರ ಕಾಲು ಬೀಳುತ್ತಿತ್ತು. ಅವಳದು ಹಾಗಲ್ಲ. ಕಿವಿ ಎಲ್ಲಿ ಕಾಯುತ್ತದೋ ಅಲ್ಲಿ ಪೆಟ್ಟನ್ನು ಬಿಟ್ಟುಬಿಡುತ್ತಿದ್ದಳು. ತುಸು ತಡೆದು, ಯಾರೂ ನೆನೆಸದ ಜಾಗದಲ್ಲಿ ಎರಡು ಹಾಕುತ್ತಿದ್ದಳು. ಜೊತೆಯ ಹೆಂಗಸರು ಖಾಲಿ ಮಂಕರಿಯ ಮೇಲೆ ಅವಳು ಬಡಿಯುವುದನ್ನು ಕೇಳಿ, ಎದೆ ಜಾರಿದಂತಾಗುತ್ತದೆ, ನಿಲ್ಲಿಸೇ ಎನ್ನುತ್ತಿದ್ದರು. ನಿಲ್ಲಿಸಿದರೆ ಮತ್ತೆ ಬಡಿ ಎನ್ನುತ್ತಿದ್ದರು.

ಊರಿನ ದೊಡ್ಡಮನೆಯ ಯಜಮಾನ ಸತ್ತ ದಿನ ತಮಟೆ ಬಡಿಯುವ ಒಬ್ಬ ಆಳು ಕುಡಿದು ಬಿದ್ದಿದ್ದ. ಬೇರೆ ದಾರಿ ಕಾಣದೆ ಆಂಜನಪ್ಪನೇ ತಂಗಿಯ ಕೊರಳಿಗೆ ತಮಟೆ ಹಾಕಿದ. ಹೆಂಗಸು ಬಡಿಯುವುದನ್ನು ನೋಡಲು ಜನ ಸೇರಿದರು. ತೋಟದ ಬೇಲಿಯವರೆಗೆ ಅವಳು ಅಣ್ಣನ ಹಿಂದೆಯೇ ನೆಟ್ಟಗೆ ಬಡಿದಳು. ಇಳಿಜಾರಿನಲ್ಲಿ ಅವಳಿಗೆ ಏನಾಯಿತೋ, ಪೆಟ್ಟು ಬಿಟ್ಟಳು. ಅಷ್ಟು ಹೊತ್ತೂ ತಮಟೆಗೆ ಕಾಲು ಒಪ್ಪಿಸಿ ನಡೆದಿದ್ದ ಹೊರುವವರು ಹೆಜ್ಜೆ ತಪ್ಪಿ ನೆಲ ಹುಡುಕಿದರು. ಮುಂದಿನವನು ಮೊಣಕಾಲೂರಿ ಕುಸಿದ. ಚಟ್ಟದಲ್ಲಿ ಕೂರಿಸಿದ್ದ ಹೆಣ ಮುಂದಕ್ಕೆ ಬಾಗಿ, ನೀರು ಹಾಯಿಸುವ ಕಾಲುವೆಗೆ ಮುಖ ಅಡಿಯಾಗಿ ಬಿತ್ತು.

ದೊಡ್ಡಮನೆಯ ಮಕ್ಕಳು ಆಂಜನಪ್ಪನನ್ನು ತೆಂಗಿನಮರಕ್ಕೆ ಕಟ್ಟಿ ಹಸಿ ಮಟ್ಟೆಯಿಂದ ಹೊಡೆದರು. ಮಟ್ಟೆ ಸೀಳಿದಾಗ ಇನ್ನೊಂದು ತಂದರು. ತಪ್ಪು ಮಾಡಿದವಳು ನಾನು ಎಂದು ಚಿಕ್ಕಗಂಗಮ್ಮ ನಡುವೆ ಬಂದಳು. ನಾವು ಹೆಂಗಸರನ್ನು ಮುಟ್ಟುವುದಿಲ್ಲ ಎಂದರು ಅವರು. ಮೂರು ಹಲ್ಲು ಕಳೆದುಕೊಂಡಿದ್ದ ಆಂಜನಪ್ಪನ ಕಟ್ಟು ಬಿಚ್ಚುತ್ತಾ ಹಿರಿಮಗ ಹೇಳಿದ:

"ನಿನ್ ತಂಗಿಗೆ ನೀನೇ ಬುದ್ಧಿ ಕಲ್ಸು. ಇಲ್ಲಾಂದ್ರೆ ನಿಮ್ ಬೀದಿಗೆ ನಾವೇ ಬತ್ತೀವಿ."

ಅವನು ಕಲಿಸಿದ. ಅವಳ ಮನೆಯ ಮುಂದೆಯೇ, ರುಬ್ಬುಗುಂಡಿನ ಮೇಲೆ ಅವಳ ಬಲಗೈ ಅದುಮಿ ಹಿಡಿದು, ಮಚ್ಚಿನ ಹಿಂಬದಿಯಿಂದ ಕುಟ್ಟಿದ. ಅವನ ಬಾಯಿಯ ರಕ್ತ ಅವಳ ತಲೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಕೆಂಚಯ್ಯ ಹೊಸ್ತಿಲ ಒಳಗೆ ನಿಂತಿದ್ದ, ದಾಟಲಿಲ್ಲ. ಪುಟ್ಟ ಸುಷ್ಮಿತಾ ಅಪ್ಪನ ಕಾಲು ಹಿಡಿದುಕೊಂಡು ಎಲ್ಲವನ್ನೂ ನೋಡಿದಳು. ನಾಟಿ ವೈದ್ಯ ಕಟ್ಟು ಹಾಕಿದ. ಬೆರಳುಗಳು ಮಡಿಚಿದಂತೆಯೇ ಕೂಡಿಕೊಂಡವು.

*

ಬಿಸಿಲೇರುವ ಹೊತ್ತಿಗೆ ತುರುವೇಕೆರೆಯ ಮಲ್ಲೇಶ್ ಬಂದ. ಮದುವೆ, ಗಣಪತಿ ಮೆರವಣಿಗೆಗಳಿಗೆ ಸೌಂಡ್ ಹಾಕುವವನು. ಬಾಕ್ಸುಗಳನ್ನು ಹೇರಿದ್ದ ಗಾಡಿಯನ್ನು ದೂರದಲ್ಲೇ ನಿಲ್ಲಿಸಿ, ಹಾರ ತಂದು ಹಾಕಿ, ನೆಲಕ್ಕೆ ಹಣೆ ಮುಟ್ಟಿಸಿದ. ತಮಟೆ ಇಲ್ಲವೆಂದು ಯಾರೋ ಹೇಳಿದರು. ಅವನು ಸುಷ್ಮಿತಾಳ ಬಳಿ ಬಂದು ಮೆಲ್ಲಗೆ ಏನೋ ಕೇಳಿದ. ಅವಳು ಆಗಲಿ ಎಂಬಂತೆ ತಲೆಯಾಡಿಸಿದಳು.

ಗಾಡಿಯಿಂದ ಎದ್ದ ಸದ್ದು ಎಲ್ಲರಿಗೂ ಗೊತ್ತಿದ್ದದ್ದೇ. 'ಮಲ್ಲೇಶ್ ಬೀಟ್' ಎಂದು ಅದಕ್ಕೆ ಹೆಸರು. ಎರಡು ವರ್ಷದಿಂದ ಸುತ್ತಲ ಊರುಗಳಲ್ಲಿ ಅದಿಲ್ಲದೆ ಮೆರವಣಿಗೆ ಹೊರಡುತ್ತಿರಲಿಲ್ಲ. ಸಾವಿನ ಮನೆಯೆಂಬುದನ್ನೂ ಮರೆತು ಕೆಲವರ ಹೆಗಲು ಅಲುಗಿತು. ಒದ್ದೆ ಪಂಚೆಯಲ್ಲಿ ಮೂಲೆಗೆ ನಿಂತಿದ್ದ ಆಂಜನಪ್ಪನಿಗೂ ಅದು ಗೊತ್ತಿತ್ತು. ಮೊಮ್ಮಗಳ ಮದುವೆಯಲ್ಲಿ ಅವನೇ ಟವೆಲ್ಲು ಬೀಸಿ ಅದಕ್ಕೆ ಕುಣಿದಿದ್ದ.

"ಸಾವಿನ ಮನೇಲಿ ಇದನ್ಯಾಕೆ ಹಾಕ್ದೆಲಾ?" ಎಂದ.

"ಇದು ಗಂಗವ್ವಂದೇ ಕಣಣ್ಣ," ಎಂದ ಮಲ್ಲೇಶ್.

*

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಸುಷ್ಮಿತಾಳ ಟೀ ಅಂಗಡಿ. ಚಿಕ್ಕಗಂಗಮ್ಮ ಅಲ್ಲಿ ಲೋಟ ತೊಳೆಯಲು ಕೂರುತ್ತಿದ್ದಳು. ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದಾಗ ನೀರಿನ ಪ್ಲಾಸ್ಟಿಕ್ ಡ್ರಮ್ಮನ್ನು ಬಡಿಯುತ್ತಿದ್ದಳು. ಎಡಗೈ ಗುದ್ದುತ್ತಿತ್ತು, ಬಲಗೈಯ ಮಡಿಚಿದ ಗೆಣ್ಣುಗಳು ಅಂಚಿಗೆ ತಾಗಿ ಚಿಟಿಕೆ ಹೊಡೆದಂತೆ ಸದ್ದು ಮಾಡುತ್ತಿದ್ದವು. ನೆಟ್ಟಗಿನ ಬೆರಳಿನಿಂದ ಆ ಸದ್ದು ಬರುವುದಿಲ್ಲ. ಟೀ ಕುಡಿಯಲು ಬಂದಿದ್ದ ಮಲ್ಲೇಶ್ ಫೋನು ಅವಳ ಮುಂದಿಟ್ಟ. ಇನ್ನೊಂದ್ಸಲ ಬಡೀರಿ ಅವ್ವ ಎಂದ. ಅವಳು ಸಂತೋಷದಿಂದ ಸಂಜೆಯವರೆಗೂ ಬಡಿದಳು. ಅವನು ಅದಕ್ಕೆ ಇನ್ನೇನೇನೋ ಸದ್ದು ಕೂಡಿಸಿ, ತನ್ನ ಹೆಸರಿಟ್ಟು ಬಿಟ್ಟ.

ಆ ವರ್ಷದ ಗಣಪತಿ ಮೆರವಣಿಗೆ ಅದೇ ಬಡಿತ ಹಾಕಿಕೊಂಡು ಕ್ರಾಸಿಗೆ ಬಂದಾಗ ಅವಳು ಲೋಟ ಹಿಡಿದೇ ರಸ್ತೆಗೆ ಓಡಿದಳು. ದೊಡ್ಡಮನೆಯ ಹುಡುಗರೂ ಆ ಗುಂಪಿನಲ್ಲಿದ್ದರು. ಸುಷ್ಮಿತಾ ಇದು ಅವ್ವನ ಬಡಿತವೆಂದು ಕೂಗಾಡಿ ಗಾಡಿ ತಡೆಯಲು ಹೊರಟಾಗ ತಾಯಿ ಅವಳ ರಟ್ಟೆ ಹಿಡಿದುಕೊಂಡಳು.

"ಸುಮ್ಕಿರೇ. ಅಷ್ಟು ಜನ ಕುಣೀತವ್ರೆ, ಒಬ್ರಾದ್ರೂ ಎಡವ್ತವ್ರಾ ನೋಡು."

*

ಆಂಜನಪ್ಪ ಮಲ್ಲೇಶನ ಮೇಲೆ ಬಿದ್ದ. ಎಪ್ಪತ್ತು ದಾಟಿದವನ ಮುಷ್ಟಿಯಲ್ಲಿ ಅಷ್ಟು ಬಲವಿದೆಯೆಂದು ಯಾರೂ ನೆನೆಸಿರಲಿಲ್ಲ. ಮೊದಲ ಗುದ್ದಿಗೇ ಮಲ್ಲೇಶನ ಮೂಗು ಒಡೆಯಿತು. ಕೆಳಗೆ ಬಿದ್ದವನ ಎದೆಯ ಮೇಲೆ ಕುಳಿತು ಗುದ್ದಿದ. ಬಿಡಿಸಲು ಬಂದವನ ಕೈ ಕಚ್ಚಿದ.

"ಯಾಕ್ಲಾ ಹೇಳ್ನಿಲ್ಲ? ಅವಳು ಬದುಕಿದ್ದಾಗ ಯಾಕ್ಲಾ ನಂಗೆ ಹೇಳ್ನಿಲ್ಲ?"

ಮಲ್ಲೇಶ್ ತಡೆಯಲಿಲ್ಲ. ಸದ್ದು ಇನ್ನೂ ಬರುತ್ತಲೇ ಇತ್ತು. ಸುಷ್ಮಿತಾ ಗಾಡಿಯ ಬಳಿ ಹೋಗಿ ವೈರು ಕಿತ್ತಳು. ನಂತರ ಬಂದು ಮಾವನ ಕೊರಳಪಟ್ಟಿ ಹಿಡಿದು ಮೇಲೆತ್ತಿದಳು.

"ನೀನು ಕೈ ಮುರ್ದೆ, ಇವ್ನು ಹೆಸ್ರು ನುಂಗ್ದ. ಇಬ್ರೂ ಮುಂದ್ಗಡೆ ಹೆಗ್ಲು ಕೊಡಿ. ಯಾವ ಸದ್ದೂ ಬ್ಯಾಡ."

ತಮಟೆಯಿಲ್ಲದೆ ಹೆಣ ಹೊರಟಿತು. ಕಾಲಿನ ಸದ್ದು, ಯಾರದೋ ಕೆಮ್ಮು, ಅಷ್ಟೇ. ಮಲ್ಲೇಶನ ಮೂಗಿನ ರಕ್ತ ಅಂಗಿಗೆ ಇಳಿಯುತ್ತಿತ್ತು. ಆಂಜನಪ್ಪನ ತುಟಿ ಏನೋ ಎಣಿಸುವಂತೆ ಅಲುಗುತ್ತಿತ್ತು. ಅವನ ಹೆಜ್ಜೆ ಒಂದೊಂದು ಕಡೆ ತಡೆದು ಬೀಳುತ್ತಿತ್ತು. ಹಿಂದಿನವರು ಅವನಿಗೆ ಹೊಂದಿಕೊಂಡು ನಡೆದರು.

ಕೆರೆಯಂಚಿನಲ್ಲಿ ಗುಂಡಿ ತೋಡಿದ್ದರು. ಹೆಣ ಇಳಿಸಿಕೊಳ್ಳಲು ಆಂಜನಪ್ಪನೇ ಒಳಗಿಳಿದ. ಯಾರೂ ಬೇಡವೆನ್ನಲಿಲ್ಲ. ತಂಗಿಯನ್ನು ಎರಡೂ ತೋಳಿನಲ್ಲಿ ತೆಗೆದುಕೊಂಡು ಮಲಗಿಸಿದ, ಸೆರಗು ಸರಿಮಾಡಿದ, ತಲೆಯಡಿಯ ಕಲ್ಲೊಂದನ್ನು ತೆಗೆದು ಆಚೆ ಇಟ್ಟ. ಆಮೇಲೆ ಎದ್ದು ನಿಂತು, ಮೇಲೆ ಹತ್ತಲು ಕೈ ಚಾಚಿದ.

ಹತ್ತಿರವಿದ್ದವನು ಕೆಂಚಯ್ಯ. ಅವನು ಕೆರೆಯ ಕಡೆಗೆ ಮುಖ ತಿರುಗಿಸಿದ. ಮಲ್ಲೇಶ್ ಮೂಗು ಒರೆಸಿಕೊಳ್ಳುತ್ತಿದ್ದ. ಮಣ್ಣು ತುಂಬಿದ ಬಾಂಡ್ಲಿ ಹಿಡಿದವರು ಸುಷ್ಮಿತಾಳನ್ನು ನೋಡಿದರು. ಅವಳು ಗುಂಡಿಯ ತಲೆಗಡೆ ನಿಂತಿದ್ದಳು, ಎರಡೂ ಕೈ ಕಂಕುಳಲ್ಲಿ ಅಡಗಿಸಿಕೊಂಡು.

ಅಂಚಿನ ಕೆಂಪು ಮಣ್ಣು ಪುಡಿಪುಡಿಯಾಗಿ ಒಳಗೆ ಜಾರುತ್ತಿತ್ತು. ಗುಂಡಿಯಿಂದ ಹೊರಗೆ ಆಂಜನಪ್ಪನ ಎರಡು ಅಂಗೈ ಮಾತ್ರ ಕಾಣುತ್ತಿದ್ದವು, ಹತ್ತೂ ಬೆರಳು ನೆಟ್ಟಗೆ ಅಗಲಿಸಿಕೊಂಡು.